ಲೈಬ್ರರಿ ಬಾಗಿಲಲ್ಲಿ ಇಟ್ಟ ಪ್ರಸ್ಥಾನ

ಕ್ವಾರಂಟೈನ್ ಕೌಂಟರ್

ಆಸ್ಟ್ರೇಲಿಯಾದಲ್ಲಿ ನನ್ನನ್ನು ಮೊದಲು ವಿಚಾರಿಸಿಕೊಂಡದ್ದು ಒಂದು ನಾಯಿ. ಬಹಳ ವೆಲ್ ಬಿಹೇವ್ಡ್ ನಾಯಿ. ನನ್ನ ಸೂಟ್‌ಕೇಸನ್ನು ಒಂದು ಸುತ್ತು ಮೂಸಿ, ಪ್ರೇಯರ್‌ಗೆ ಕೂತ ಹಾಗೆ ಅದರ ಪಕ್ಕ ಕೂತುಬಿಟ್ಟಿತು. ಅದು ಕೂತಿತೆಂದರೆ ಪೆಟ್ಟಿಗೆ ಬಿಚ್ಚಬೇಕು, ಅಲ್ಲಿನ ರೂಲು ಹಾಗೆ.

ಒಳಗಿದ್ದದ್ದು ಒಂದು ಕರಿ ಕಂಬಳಿ. ಏನು ತರಲಿ ಎಂದು ಫೋನಿನಲ್ಲಿ ಕೇಳಿದಾಗ ನನ್ನ ತಂಗಿ ನಿಮ್ಮಿ ಕೇಳಿದ್ದು ಅದೊಂದನ್ನೇ. "ಬ್ಯಾಸ್ಗೇಲೂ ಚಳಿ ಆಗ್ತೈತೆ ಅಕ್ಕ. ಇಲ್ಲಿ ಬ್ಲಾಂಕೆಟ್ಟು ಮೈಗೆ ಹತ್ತಲ್ಲ." ಚಳ್ಳಕೆರೆಯಲ್ಲಿ ಕಂಬಳಿ ನೇಯುವವರ ಮನೆಗೆ ನಾನೇ ಹೋಗಿ, ಮುಟ್ಟಿ, ಮೂಸಿ ಆರಿಸಿದ್ದೆ. ಆ ವಾಸನೆಯೇ ನನ್ನನ್ನು ಹಿಡಿದುಕೊಟ್ಟಿತು.

"ಮ್ಯಾಡಮ್, ಇದು ಲೈವ್‌ಸ್ಟಾಕ್ ಹತ್ತಿರ ಏನಾದರೂ ಇತ್ತೆ?" ಎಂದು ಆಫೀಸರ್ ಕೇಳಿದ.

"ಹತ್ತಿರ ಏನು ಬಂತು, ಲೈವ್‌ಸ್ಟಾಕ್‌ನ ಮೈಮೇಲೇ ಇತ್ತು" ಎಂದೆ. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಇಂಗ್ಲಿಷು, ಸುಳ್ಳು ಹೇಳಲು ಬರುವುದಿಲ್ಲ.

ಅವನು ನಗಲಿಲ್ಲ. ಕಂಬಳಿಯನ್ನು ಬಿಳೀ ಟೇಬಲ್ಲಿನ ಮೇಲೆ ಹರಡಿ, ಚಿಮಟ ಹಿಡಿದು, ಅದರಲ್ಲಿ ಸಿಕ್ಕಿಕೊಂಡಿದ್ದ ಹುಲ್ಲಿನ ಬೀಜಗಳನ್ನು ಒಂದೊಂದೇ ಕಿತ್ತು ಡಬ್ಬಿಗೆ ಹಾಕತೊಡಗಿದ. ನಮ್ಮ ಕಡೆ ಕುರಿ ಮೇಯುವ ಕಾವಲಿನ ಹುಲ್ಲು ಹೇಗೆಂದು ಬಲ್ಲವರಿಗೆ ಗೊತ್ತು. ಕುರಿಯ ಮೈಗೆ ಚುಚ್ಚಿಕೊಂಡರೆ ಉಣ್ಣೆ ಕತ್ತರಿಸಿದರೂ ಬಿಡದು, ನೂತರೂ ಬಿಡದು, ನೇಯ್ದರೂ ಬಿಡದು. ಮುಕ್ಕಾಲು ಗಂಟೆ ಅವನು ಹೆರಳು ಬಿಡಿಸಿ ಹೇನು ತೆಗೆಯುವ ತಾಯಿಯ ಹಾಗೆ ಕೆಲಸ ಮಾಡಿದ. ಕೊನೆಗೆ ಮಡಿಸಿ ಕೊಟ್ಟು, "ಯಾರಿಗೆ ಇದು?" ಎಂದ.

"ನನ್ನ ತಂಗಿಗೆ. ಅವಳನ್ನು ಊರಿಗೆ ಕರೆದುಕೊಂಡು ಹೋಗಲು ಬಂದಿದ್ದೇನೆ."

ಊರು ನೋಡಲೆಂದು ಹೊರಟವಳಲ್ಲ ನಾನು. ಹಿಂದಿರುಗುವ ಟಿಕೆಟ್ ನನ್ನ ಹೆಸರಿನಲ್ಲಿ ಒಂದಿತ್ತು, ನಿಮ್ಮಿಯ ಹೆಸರಿನಲ್ಲಿ ಒಂದಿತ್ತು.

ನಿಮ್ಮಿಯ ಮನೆ

ನನಗೆ ಎಪ್ಪತ್ತನಾಲ್ಕು, ನಿಮ್ಮಿಗೆ ಅರವತ್ತೆಂಟು. ತವರು ಮೊಳಕಾಲ್ಮುರು, ಅಪ್ಪನದು ರೇಷ್ಮೆ ಸೀರೆ ವ್ಯಾಪಾರ. ನನ್ನನ್ನು ಚಳ್ಳಕೆರೆಯ ಎಣ್ಣೆ ಮಿಲ್ಲಿನ ಮನೆಗೆ ಕೊಟ್ಟರು. ನಿಮ್ಮಿಯನ್ನು ಯಾರೂ ಎಲ್ಲಿಗೂ ಕೊಡಲಿಲ್ಲ. ನರ್ಸಿಂಗ್ ಓದಿ, ಆಸ್ಟ್ರೇಲಿಯಾಕ್ಕೆ ಹೋಗಿ, ಹಡಗಿನಷ್ಟು ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಹಿಡಿದು, ಅಲ್ಲಿಯವನೇ ಆದ ಪೀಟರ್ ಎಂಬವನನ್ನು ಮದುವೆಯಾದಳು. ಮಕ್ಕಳಾಗಲಿಲ್ಲ. ಪೀಟರ್ ತೀರಿಕೊಂಡು ಕೆಲವು ವರ್ಷವಾಗಿತ್ತು.

ಬಾಗಿಲು ತೆಗೆದವಳನ್ನು ನಾನು ಗುರುತು ಹಿಡಿಯಲಿಲ್ಲ. ಪಕ್ಕದ ಮನೆಯವರು ಯಾರೋ ಎಂದುಕೊಂಡು "ಗುಡ್ ಮಾರ್ನಿಂಗ್" ಅಂದೆ.

"ಯಾಕೆ, ನಂಗೇನು ಕನ್ನಡ ಬರಲ್ವಾ?" ಎಂದಳು ನಿಮ್ಮಿ.

ಕ್ಯಾನ್ಸರ್ ಲಿವರಿಗೆ ಬಂದಿತ್ತು. ನಾನು ಬಂದ ಮೂರನೆಯ ದಿನ ಅವಳ ಡಾಕ್ಟರು, ನೀಟಾದ ಹುಡುಗಿ, ನನ್ನನ್ನು ಕೂರಿಸಿಕೊಂಡು ಮುಚ್ಚುಮರೆ ಇಲ್ಲದೆ ಹೇಳಿದಳು: ಪ್ಲೇನ್ ಹತ್ತುವುದಾದರೆ ಈ ತಿಂಗಳೊಳಗೆ ಹತ್ತಬೇಕು. ಆಮೇಲೆ ಯಾವ ಏರ್‌ಲೈನ್‌ನವರೂ ಹತ್ತಿಸಿಕೊಳ್ಳುವುದಿಲ್ಲ, ನಾನೂ ಚೀಟಿ ಬರೆದುಕೊಡುವುದಿಲ್ಲ.

ಆ ಸಂಜೆ ನಿಮ್ಮಿಯನ್ನು ಕೇಳಿದೆ. "ಯಾವಾಗ ಹೊರಡಾಣ?"

ಅವಳು ಕಿಟಕಿಯ ಕಡೆ ತಿರುಗಿ, "ಸೇತುವೆ ಒಂದು ಆಗ್ಲಿ ಅಕ್ಕ. ದಾಟಿ ಬರ್ತೀನಿ" ಎಂದಳು.

ಬೇಲಿಯ ಪಕ್ಕ

ಆ ಊರನ್ನು ಒಂದು ರೈಲು ದಾರಿ, ಅದರ ಪಕ್ಕಕ್ಕೇ ಒಂದು ಅಗಲವಾದ ಹೈವೇ ಎರಡು ಪಾಲು ಮಾಡಿವೆ. ಈ ಕಡೆ ಗುಡ್ಡದ ಮೇಲೆ ಲೈಬ್ರರಿ, ಮ್ಯೂಸಿಯಂ. ಆ ಕಡೆ ಕಾನ್ಸರ್ಟ್ ಹಾಲು, ಟೌನ್ ಹಾಲು, ಪಾರ್ಕು. ಲೈಬ್ರರಿಯ ಮೆಟ್ಟಿಲ ಮೇಲೆ ನಿಂತರೆ ಕಾನ್ಸರ್ಟ್ ಹಾಲಿನ ಬಾಗಿಲು ತೆರೆದಿದೆಯೋ ಇಲ್ಲವೋ ಕಾಣುತ್ತದೆ. ಆದರೆ ಹೋಗಬೇಕೆಂದರೆ ಗುಡ್ಡ ಇಳಿದು, ಹೈವೇ ಬಳಸಿ, ಒಂದು ಕತ್ತಲೆಯ ಸಬ್‌ವೇ ಹೊಕ್ಕು ಹೊರಬರಬೇಕು.

ಪೀಟರ್‌ಗೆ ಸ್ಟ್ರೋಕ್ ಆದ ಮೇಲೆ ನಿಮ್ಮಿ ಅವನನ್ನು ವೀಲ್‌ಚೇರಿನಲ್ಲಿ ಕೂರಿಸಿ ಪ್ರತಿ ಶುಕ್ರವಾರ ಲೈಬ್ರರಿಯಿಂದ ಕಾನ್ಸರ್ಟ್ ಹಾಲಿಗೆ ಮ್ಯೂಸಿಕ್ ಕೇಳಲು ಹಾಗೆ ಬಳಸಿ ತಳ್ಳಿಕೊಂಡು ಹೋಗುತ್ತಿದ್ದಳಂತೆ. ಒಂದು ಗಂಟೆ ಹಿಡಿಯುತ್ತಿತ್ತು. ಒಂದು ಶುಕ್ರವಾರ ಮಳೆಯಲ್ಲಿ ಸಬ್‌ವೇ ತುಂಬಿ, ಇಬ್ಬರೂ ಅರ್ಧ ದಾರಿಯಿಂದ ವಾಪಸು ಬಂದರು. ಮರುದಿನದಿಂದ ಅವಳು ನಗರಸಭೆಗೆ ಕಾಗದ ಬರೆಯಲು ಶುರು ಮಾಡಿದಳು. ಪ್ರತಿ ಮೀಟಿಂಗಿಗೂ ಹೋಗಿ, ಮೂರು ನಿಮಿಷ ಮಾತಾಡಲು ಕೊಟ್ಟರೆ ಮೂರೂ ನಿಮಿಷ ಮಾತಾಡಿ ಬರುತ್ತಿದ್ದಳು. ಪೀಟರ್ ಹೋದ. ಇವಳು ಬಿಡಲಿಲ್ಲ. ಈಗ, ನಡೆಯುವವರಿಗೆಂದೇ, ಒಂದು ಮೋಟಾರೂ ಹತ್ತದ ಸೇತುವೆ ಲೈಬ್ರರಿಯ ಬಾಗಿಲಿಂದ ಹೊರಟು ಹೈವೇ ಮೇಲೆ, ರೈಲಿನ ಮೇಲೆ ಚಾಚಿಕೊಂಡು ನಿಂತಿತ್ತು. ಆ ಕಡೆಯಿಂದಲೂ ಒಂದು ತೋಳು ಬಂದಿತ್ತು. ನಡುವೆ ಒಂದು ತುಂಡು ಬಾಕಿ.

ನಮ್ಮಲ್ಲಿ ಇದಕ್ಕೆಲ್ಲ ಇಷ್ಟು ಪೇಚಾಟವಿಲ್ಲ. ಬಿ.ಜಿ. ಕೆರೆ ಹತ್ತಿರ ಕುರಿ ಮಂದೆ ಹೈವೇ ದಾಟಬೇಕಾದರೆ ಕುರುಬಣ್ಣ ಕೋಲು ಅಡ್ಡ ಹಿಡಿಯುತ್ತಾನೆ, ಲಾರಿಗಳು ನಿಲ್ಲುತ್ತವೆ, ಮುನ್ನೂರು ಕುರಿ ದಾಟುತ್ತವೆ. ನಾನು ಇದನ್ನು ಹೇಳಿದಾಗ ನಿಮ್ಮಿಯ ಪಕ್ಕದ ಮನೆಯ ಡೋರೀನ್, ನನ್ನದೇ ವಯಸ್ಸಿನ ಗಟ್ಟಿ ಹೆಂಗಸು, "ನಮಗೂ ಅಂಥವನು ಒಬ್ಬ ಬೇಕಿತ್ತು ಲವ್" ಎಂದಳು. ಅಲ್ಲಿ ಎಲ್ಲರೂ ಎಲ್ಲರಿಗೂ ಲವ್. ಬಸ್ಸಿನಿಂದ ಇಳಿಯುವವರು ಡ್ರೈವರಿಗೆ ಕೂಗಿ ಥ್ಯಾಂಕ್ಸ್ ಹೇಳುತ್ತಾರೆ. ಆದರೆ ನಿಮ್ಮಿಯ ಮನೆಯ ಎದುರಿನವರು, ಅವಳ ತಲೆಗೂದಲು ಉದುರಿದ್ದನ್ನು ಕಂಡೂ, ಏನಾಯಿತು ಎಂದು ಒಂದು ದಿನವೂ ಕೇಳಿರಲಿಲ್ಲ. ಅದು ಮರ್ಯಾದೆಯಂತೆ.

ನಾವು ಮೂವರೂ ದಿನಾ ಬೆಳಿಗ್ಗೆ ಡೋರೀನಳ ವ್ಯಾನಿನಲ್ಲಿ ಹೋಗಿ ಸೇತುವೆ ಕೆಲಸದ ಬೇಲಿಯ ಪಕ್ಕ ನಿಲ್ಲಿಸುತ್ತಿದ್ದೆವು. ಟೋನಿ ಎಂಬ ಮೇಸ್ತ್ರಿಗೆ ನಿಮ್ಮಿಯ ಪರಿಚಯ ಚೆನ್ನಾಗಿತ್ತು.

"ಇವತ್ತು ತುಂಡು ಯಾಕೆ ಕೂರಿಸಲಿಲ್ಲ?" ಇವಳು ಕೇಳುವಳು.

"ಬಿಸಿಲು ನರ್ಸಮ್ಮ. ಉಕ್ಕು ಉಬ್ಬಿದೆ. ಸಂದು ಚಿಕ್ಕದಾಗಿದೆ, ತುಂಡು ಇಳಿಯಲ್ಲ. ತಂಪಾದ ಬೆಳಗು ಒಂದು ಸಿಗಲಿ."

ನನಗೆ ತಟ್ಟನೆ ಅರ್ಥವಾಯಿತು. ನಮ್ಮೂರ ಹತ್ತಿರದ ತಳಕಿನಲ್ಲಿ ಕಮ್ಮಾರರು ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವುದನ್ನು ನೋಡಿದ್ದೆ. ಬೆರಣಿಯಲ್ಲಿ ಕೆಂಪಗೆ ಕಾಯಿಸಿದರೆ ಪಟ್ಟಿ ಹಿಗ್ಗುತ್ತದೆ, ಚಕ್ರಕ್ಕೆ ತೊಡಿಸಿ ನೀರು ಹೊಯ್ದರೆ ಬಿಗಿಯುತ್ತದೆ. ಟೋನಿಗೆ ಹೇಳಿದೆ. "ಅದೇ ಅದೇ" ಎಂದು ಅವನು ತನ್ನ ಹುಡುಗರನ್ನು ಕರೆದು ನನ್ನಿಂದ ಇನ್ನೊಮ್ಮೆ ಹೇಳಿಸಿದ.

ಬಿಸಿಲು ಮಾತ್ರ ಇಳಿಯಲಿಲ್ಲ. ನಮ್ಮ ಚಳ್ಳಕೆರೆಯ ಏಪ್ರಿಲ್ಲನ್ನು ಹೊತ್ತು ತಂದು ಅಲ್ಲಿ ಸುರಿದ ಹಾಗಿತ್ತು. ನಿಮ್ಮಿ ಮಾತ್ರ ಕಂಬಳಿ ಹೊದ್ದು ವ್ಯಾನಿನಲ್ಲಿ ಕೂತಿರುತ್ತಿದ್ದಳು. ತಿಂಗಳು ಕರಗುತ್ತಿತ್ತು.

ಬುಧವಾರ

ಗುರುವಾರ ಬೆಳಿಗ್ಗೆ ತಣ್ಣಗಾಗುತ್ತದೆ ಎಂದು ರೇಡಿಯೋದಲ್ಲಿ ಬಂತು. ಅಂದೇ ಕೂರಿಸುತ್ತೇವೆ, ಎರಡು ಮೂರು ದಿನದಲ್ಲಿ ನಿಮ್ಮಿಯನ್ನು ಮಾತ್ರ ಮೊದಲು ದಾಟಿಸುತ್ತೇನೆ ಎಂದು ಟೋನಿ ಮಾತು ಕೊಟ್ಟ. ನಮ್ಮ ಪ್ಲೇನಿಗೆ ಇನ್ನು ಆರು ದಿನ.

ನಾನು ಪಂಚಾಂಗ ನೋಡುವ ಮೊಳಕಾಲ್ಮುರಿನ ಅಯ್ಯನೋರಿಗೆ ಫೋನು ಮಾಡಿ ಹೊರಡುವ ದಿನದ ಗಳಿಗೆ ಕೇಳಿದೆ.

"ಮಂಗಳವಾರಾನ? ಬ್ಯಾಡ್ರಮ್ಮ. ಆ ದಿನ ಚೆನ್ನಾಗಿಲ್ಲ. ಅದೂ ಕಾಯ್ಲೆ ಬಿದ್ದೋರ್ನ ಕರ್ಕೊಂಡು."

"ಟಿಕೆಟ್ ಬದಲಾಯಿಸೋಕೆ ಆಗಲ್ಲ ಅಯ್ಯನೋರೆ."

"ಹಂಗಾದ್ರೆ ಪ್ರಸ್ಥಾನ ಇಡ್ರಿ. ಗುರುವಾರ ಬೆಳಿಗ್ಗೆ ಆರೂವರೆ ಒಳಗೆ ಶಾನೆ ಚೆನ್ನಾಗೈತೆ."

"ಆರೂವರೆ ಅಂದ್ರೆ ಅಲ್ಲಿನ ಟೈಮೋ, ಇಲ್ಲಿನದೋ?"

ಅವರು ಸ್ವಲ್ಪ ಯೋಚಿಸಿದರು. "ಹೊರಡೋದು ಎಲ್ಲಿಂದ? ಅಲ್ಲಿಂದ ತಾನೆ? ಸೂರ್ಯ ಅಲ್ಲೂ ಅವನೇ ಕಣ್ರಿ. ಅಲ್ಲಿನ ಟೈಮೇ ಇಟ್ಕಳ್ರಿ."

ಈಗಿನವರಿಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ಹೊರಡುವ ದಿನ ಒಳ್ಳೆಯದಲ್ಲದಿದ್ದರೆ, ಮುಂಚಿನ ಒಳ್ಳೆಯ ಗಳಿಗೆಯಲ್ಲಿ ಹೋಗುವವರ ಗಂಟೊಂದನ್ನು, ಹೋಗುವ ದಿಕ್ಕಿನಲ್ಲಿ, ತಮ್ಮದಲ್ಲದ ಜಾಗದಲ್ಲಿ ಇಟ್ಟು ಬರಬೇಕು. ಅಲ್ಲಿಗೆ ಪಯಣ ಶುರುವಾದ ಲೆಕ್ಕ. ಆಮೇಲೆ ಯಾವತ್ತು ಹೊರಟರೂ ದೋಷವಿಲ್ಲ. ನಮ್ಮ ಅಪ್ಪ ಬೆಂಗಳೂರಿಗೆ ಹೊರಟರೂ ಎದುರು ಮನೆಯ ಜಗಲಿಯ ಮೇಲೆ ಅವರ ಚೀಲ ಕೂತಿರುತ್ತಿತ್ತು. ದಾರಿಯಲ್ಲಿ ಹೋಗುವವರು ಅದನ್ನು ನೋಡಿ, "ಶೆಟ್ರು ನಾಳೆ ಹೊರಟವ್ರೆ" ಅನ್ನುತ್ತಿದ್ದರು.

ನಮ್ಮ ದಿಕ್ಕು ವಾಯವ್ಯ. ಡೋರೀನಳ ಮನೆ ದಕ್ಷಿಣಕ್ಕಿತ್ತು. ವಾಯವ್ಯಕ್ಕೆ ನನಗೆ ಗೊತ್ತಿದ್ದ ಜಾಗ ಒಂದೇ, ಲೈಬ್ರರಿ.

ಗುರುವಾರ

ನಿಮ್ಮಿ ಇನ್ನೂ ಮಲಗಿದ್ದಳು. ಅವಳ ಹಳೆಯ ಮೊಳಕಾಲ್ಮುರು ಸೀರೆ, ಅರಿಶಿಣದಕ್ಕಿ, ಒಂದು ತೆಂಗಿನಕಾಯಿ, ತಗಡಿನ ಡಬ್ಬಿಯಲ್ಲಿ ವಿಭೂತಿ, ಇಷ್ಟನ್ನು ಕರಿ ಚೀಲಕ್ಕೆ ಹಾಕಿ, ಝಿಪ್ ಎಳೆದು, ಇಪ್ಪತ್ತು ನಿಮಿಷ ನಡೆದು ಲೈಬ್ರರಿ ತಲುಪಿದೆ. ಗಾಳಿ ನಿಜವಾಗಿಯೂ ತಣ್ಣಗಿತ್ತು. ದೂರದಲ್ಲಿ ಕ್ರೇನು ಉಕ್ಕಿನ ತುಂಡನ್ನು ಎತ್ತಿ ಹಿಡಿದಿತ್ತು. ನಾನು ಲೈಬ್ರರಿಯ ಬಾಗಿಲ ಪಕ್ಕ, ಸೇತುವೆ ಹೊರಡುವ ಜಾಗಕ್ಕೆ ಹತ್ತಿರ, ಬೆಂಚಿನ ಕೆಳಗೆ ಚೀಲವಿಟ್ಟು, ಕೈ ಮುಗಿದು ಬಂದೆ. ಪ್ರಸ್ಥಾನ ಇಟ್ಟವರು ತಿರುಗಿ ನೋಡಬಾರದು. ನೋಡಲಿಲ್ಲ.

ಎಂಟೂವರೆಗೆ ನಿಮ್ಮಿಯನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಹೋದಾಗ ರಸ್ತೆಗೆ ಹಳದಿ ಟೇಪು ಕಟ್ಟಿತ್ತು. ಲೈಬ್ರರಿಯವರೆಲ್ಲ ಫುಟ್‌ಪಾತಿನ ಮೇಲೆ. ಟೋನಿಯ ಹುಡುಗರು ಹೆಲ್ಮೆಟ್ ತೆಗೆದು ಮರದ ಕೆಳಗೆ. ಕ್ರೇನು ಖಾಲಿ ನಿಂತಿತ್ತು, ತುಂಡು ನೆಲಕ್ಕಿಳಿದಿತ್ತು.

"ಯಾರೋ ಬಾಂಬಿಟ್ಟಿದ್ದಾರಂತೆ" ಎಂದು ಬಂದು ಹೇಳಿದ ಟೋನಿ. "ಕರಿ ಚೀಲ. ಎಕ್ಸ್‌ರೇಯಲ್ಲಿ ಗುಂಡಗಿನದೊಂದು, ತಗಡಿನದೊಂದು ಕಾಣುತ್ತಂತೆ."

ನಾನು ವ್ಯಾನಿನಿಂದ ಇಳಿದು, ಟೇಪಿನ ಬಳಿ ನಿಂತಿದ್ದ ಪೊಲೀಸ್ ಹೆಂಗಸಿಗೆ, "ಆಫೀಸರ್, ಅದು ತೆಂಗಿನಕಾಯಿ" ಎಂದೆ.

"ಹಿಂದೆ ನಿಲ್ಲಿ ಡಾರ್ಲಿಂಗ್."

"ನಾನೇ ಇಟ್ಟದ್ದು."

ಅವಳು ನೋಟ್‌ಬುಕ್ ತೆಗೆದಳು. "ಯಾಕೆ ಇಟ್ಟಿರಿ?"

"ಪಯಣ ಶುರುವಾಗಲಿ ಅಂತ."

"ಯಾರ ಪಯಣ?"

"ನನ್ನ ತಂಗಿಯದು."

"ನಿಮ್ಮ ತಂಗಿ ಎಲ್ಲಿದ್ದಾರೆ?"

"ವ್ಯಾನಿನಲ್ಲಿ."

"ಅಂದರೆ ಅವರು ಎಲ್ಲಿಗೂ ಹೋಗಿಲ್ಲ."

"ಇಲ್ಲ. ಚೀಲ ಹೋಗಿದೆ."

ಇದನ್ನೆಲ್ಲ ಅವಳು ಬರೆದುಕೊಂಡಳು. ನಾನು ಹೇಳಿದ್ದನ್ನು ನಂಬಿದಳು ಕೂಡ, ಅದು ಮುಖದಲ್ಲಿ ಕಂಡಿತು. ಆದರೆ ನಂಬಿದ ಮಾತ್ರಕ್ಕೆ ಅಲ್ಲಿ ಟೇಪು ಬಿಚ್ಚುವುದಿಲ್ಲ. ಕರಡಿಯಂಥ ದಪ್ಪ ಉಡುಪಿನವನೊಬ್ಬ ನಡೆದು ಹೋಗಿ, ಬಹಳ ಹೊತ್ತಾದ ಮೇಲೆ, ತೆಂಗಿನಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿ ತೋರಿಸಿದ. ಮರದ ಕೆಳಗಿದ್ದವರು ಚಪ್ಪಾಳೆ ತಟ್ಟಿದರು. ಅಷ್ಟು ಹೊತ್ತಿಗೆ ಹತ್ತೂವರೆ. ಟೋನಿ ಉಕ್ಕಿನ ಮೇಲೆ ಅಂಗೈ ಇಟ್ಟು ನೋಡಿ, ಆಗಲ್ಲವೆಂದು ತಲೆಯಾಡಿಸಿದ.

ವ್ಯಾನಿಗೆ ಬಂದು ನಿಮ್ಮಿಗೆ ಎಲ್ಲ ಹೇಳಿದೆ. ಅವಳು ನಕ್ಕಳು. ನಕ್ಕೂ ನಕ್ಕೂ ಕೆಮ್ಮು ಬಂದು, ಡೋರೀನ್ ಬೆನ್ನು ನೀವಬೇಕಾಯಿತು. "ಇಷ್ಟು ವರ್ಷ ನಗರಸಭೆಯೋರು ನಿಲ್ಸಕ್ಕೆ ಆಗದ್ನ ನಮ್ಮಕ್ಕ ಒಂದು ತೆಂಗಿನಕಾಯಾಗೆ ನಿಲ್ಸಿದ್ಳು" ಎಂದಳು. ಡೋರೀನಳಿಗೆ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಿ ಇನ್ನೊಮ್ಮೆ ನಕ್ಕಳು.

ನಾನು ಟೋನಿಯ ಮುಖ ನೋಡಲಾರದೆ ಕೂತಿದ್ದೆ.

ಡಾಕ್ಟರ ಕೋಣೆ

ಮುಂದೆ ಹನ್ನೊಂದು ದಿನ ತಂಪಾಗಲಿಲ್ಲ. ಆಗಲ್ಲ ಅಂದಿದ್ದ ಮಂಗಳವಾರದ ಟಿಕೆಟ್‌ಗಳನ್ನು ದಂಡ ಕಟ್ಟಿ ಮುಂದಕ್ಕೆ ಹಾಕಿಸಿದೆ. ಆಮೇಲಿನ ಶನಿವಾರ ನಿಮ್ಮಿಯ ಹೊಟ್ಟೆಯಲ್ಲಿ ನೀರು ತುಂಬಿತು. ಸೋಮವಾರ ಡಾಕ್ಟರು ನನ್ನ ಕೈ ಹಿಡಿದುಕೊಂಡು, ಇನ್ನು ಪ್ರಯಾಣದ ಮಾತು ಬೇಡ ಎಂದಳು.

ಕಾರಿಡಾರಿನ ಬೆಂಚಿನ ಮೇಲೆ ನಿಮ್ಮಿಯ ವೀಲ್‌ಚೇರ್ ಪಕ್ಕ ಕೂತು ಅತ್ತೆ. ಕಾನ್ವೆಂಟಿನಲ್ಲಿ ಸೈಲೆಂಟಾಗಿ ಅಳುವುದನ್ನೂ ಕಲಿತಿದ್ದೆವು, ಆದರೆ ಅಂದು ಆಗಲಿಲ್ಲ.

"ನನ್ನಿಂದಾನೇ ಆಯ್ತು. ನಾನು ಆ ಚೀಲ ಇಡದಿದ್ರೆ ಸೇತುವೆ ಆಗಿರೋದು. ಇಷ್ಟೊತ್ತಿಗೆ ನೀನು ನನ್ ಜೊತೆ ಮನೇಗಿರ್ತಿದ್ದೆ."

"ಇಲ್ಲ ಅಕ್ಕ" ಎಂದಳು ನಿಮ್ಮಿ. "ಬರ್ತಿರ್ಲಿಲ್ಲ."

"ದಾಟಿ ಬರ್ತೀನಿ ಅಂದಿದ್ದೆ."

"ಅಂದಿದ್ದೆ. ನೀನು ಈ ವಯಸ್ಸಿನಾಗೆ ಎರಡು ಟಿಕೆಟ್ ಹಿಡ್ಕಂಡು ಬಂದಿದ್ದೆ, ಬಾಯಿ ಬಿಟ್ಟು ಇಲ್ಲ ಅನ್ನಕ್ಕೆ ಆಗ್ಲಿಲ್ಲ. ನಾನು ಕಾಯ್ತಿದ್ದಿದ್ದು ಸೇತುವೆಗಲ್ಲ. ತಿಂಗ್ಳು ಮುಗೀಲಿ ಅಂತ."

ಎದುರಿನ ಗೋಡೆಯ ಮೇಲೆ ಕೈ ತೊಳೆಯುವ ಕ್ರಮದ ಚಿತ್ರಗಳಿದ್ದವು. ನಾನು ಅವನ್ನೇ ನೋಡುತ್ತಿದ್ದೆ.

"ಅವ್ವ ಸತ್ತಾಗ ನಾನೂ ಪೀಟರ್ರೂ ಬಂದ್ವಲ್ಲ, ನೆಪ್ಪೈತಾ?" ಎಂದು ಕೇಳಿದಳು. "ಎರಡು ದಿನ ಪ್ಲೇನಾಗೆ ಕೂತು ಬಂದ್ವಿ. ಅಷ್ಟೊತ್ತಿಗೆ ಮಣ್ಣಾಗಿತ್ತು. ನೀನು ನಮಗೆ ಲಾಡ್ಜಿನಾಗೆ ರೂಮ್ ಮಾಡಿಸಿದ್ದೆ."

"ನಿಮ್ಗೆ ಅಲ್ಲಿ ಬಾತ್‌ರೂಮ್ ಚೆನ್ನಾಗಿರುತ್ತೆ ಅಂತ."

"ಗೊತ್ತು. ಪೀಟರ್ಗೂ ಹಂಗೇ ಹೇಳ್ದೆ." ಕಂಬಳಿಯನ್ನು ಮೊಣಕಾಲಿನ ಮೇಲೆ ಎಳೆದುಕೊಂಡು, "ಅವ್ವನ ಮನೇಲಿ ಒಂದು ಚಾಪೆ ಇರ್ಲಿಲ್ವಾ ಅಕ್ಕ?" ಎಂದಳು.

ಸಿಟ್ಟಿನಿಂದ ಕೇಳಲಿಲ್ಲ. ಬುತ್ತಿ ಕಟ್ಟುವಾಗ ಉಪ್ಪು ಇಟ್ಟಿಯಾ ಎಂದು ಕೇಳುವ ಹಾಗೆ ಕೇಳಿದಳು.

ಬಾತ್‌ರೂಮಿನ ಮಾತು ನಿಜ. ಆದರೆ ಅಷ್ಟೇ ನಿಜವಲ್ಲ. ಪೀಟರ್ ಆ ಮನೆಯಲ್ಲಿ ಮಲಗಿದರೆ ದೊಡ್ಡಪ್ಪನವರ ಕಡೆಯವರು ತಿಥಿಯ ಊಟಕ್ಕೆ ಕೂರುವುದಿಲ್ಲ ಎಂದು ಯಾರೋ ಅಂದಿದ್ದರು. ಬೇರೆ ದಾರಿ ಹುಡುಕಬಹುದಿತ್ತು. ನನಗೆ ಲಾಡ್ಜು ಸುಲಭವಾಗಿ ಕಂಡಿತು. ರೂಮಿಗೆ ಹೂವಿನ ಕುಂಡ ಇಡಿಸಿದ್ದೆ, ಬಿಸ್ಲೇರಿ ನೀರು ಕಳಿಸಿದ್ದೆ. ಬಹಳ ಥಾಟ್‌ಫುಲ್ ಆಗಿ ಎಲ್ಲ ಮಾಡಿದೆ ಎಂದು ಇಷ್ಟು ವರ್ಷ ನಂಬಿಕೊಂಡಿದ್ದೆ. ಮೊಳಕಾಲ್ಮುರಿನಲ್ಲಿ ಹುಟ್ಟಿದವಳು ಮೊಳಕಾಲ್ಮುರಿನ ಲಾಡ್ಜಿನ ರಿಜಿಸ್ಟರಿನಲ್ಲಿ ಹೆಸರು ಬರೆದಳು. ಊರು ಎಂಬ ಕಾಲಮ್ಮಿನಲ್ಲಿ ಏನು ಬರೆದಿರಬಹುದು ಎಂದು ನಾನು ಯೋಚಿಸಿದ್ದು ಆ ಕಾರಿಡಾರಿನಲ್ಲಿ, ಅಂದೇ ಮೊದಲು.

"ತಪ್ಪಾಯ್ತು ನಿಮ್ಮಿ" ಎಂದೆ.

"ಆಯ್ತು ಬಿಡು. ಈಗ ನೀನಿದ್ದೀಯಲ್ಲ" ಎಂದಳು. ಆಮೇಲೆ, "ಹಸಿವಾಗ್ತೈತೆ. ಮನೇಗೋಗಿ ಅನ್ನ ಸಾರು ಮಾಡು" ಎಂದಳು. ಎರಡು ತುತ್ತೂ ಅವಳಿಗೆ ಸೇರುತ್ತಿರಲಿಲ್ಲ, ನನಗೆ ಗೊತ್ತಿತ್ತು. ಮಾಡಿದೆ.

ಆ ಕಡೆ

ಅವಳ ಹೆಸರಿನ ಟಿಕೆಟ್ಟನ್ನು ರದ್ದು ಮಾಡಿಸಿ, ನನ್ನದನ್ನು ವೀಸಾ ಮುಗಿಯುವ ತನಕ ಎಳೆದೆ. ಆ ದಿನಗಳಲ್ಲಿ ನಾವು ಊರಿನ ಬಗ್ಗೆ ಬಹಳ ಮಾತಾಡಿದೆವು. ನಾನು ಊರಿಗೆ ಕರೆಯುವುದು ನಿಂತ ಮೇಲೆ ಅವಳೇ ಕೇಳತೊಡಗಿದಳು. ಮಗ್ಗದವರ ಓಣಿ ಈಗಲೂ ಅಲ್ಲೇ ಐತಾ, ಅಪ್ಪನ ಅಂಗಡಿ ಯಾರು ಹಿಡಿದಾರೆ, ಎಂದೆಲ್ಲ. ಸೇತುವೆಯ ತುಂಡು ಒಂದು ಮೋಡದ ಬೆಳಿಗ್ಗೆ ಕೂತಿತು. ಟೋನಿ ಮನೆಗೇ ಬಂದು ಹೇಳಿಹೋದ. ಮೊದಲು ನಿಮ್ಮನ್ನು ದಾಟಿಸುತ್ತೇನೆ ಎಂದ. "ಎಲ್ರೂ ದಾಟ್ಲಿ ಆಮೇಲೆ" ಎಂದಳು.

ಜನರಿಗೆ ತೆರೆದ ಎರಡನೆಯ ದಿನವೇ ನನ್ನ ಪ್ರಯಾಣ. ಏರ್‌ಪೋರ್ಟ್ ಬಸ್ಸು ಆ ಕಡೆ, ಕಾನ್ಸರ್ಟ್ ಹಾಲಿನ ಮುಂದೆ ನಿಲ್ಲುತ್ತದೆ. ವ್ಯಾನಿನಲ್ಲಿ ಹೋಗೋಣ ಎಂದರೆ ನಿಮ್ಮಿ ಒಪ್ಪಲಿಲ್ಲ. "ನಡ್ಕಂಡೇ ಕಳಿಸ್ಬೇಕು ನಿನ್ನ" ಎಂದಳು. ಡೋರೀನ್ ಅವಳ ಕುರ್ಚಿ ತಳ್ಳಿದಳು, ನಾನು ಪಕ್ಕದಲ್ಲಿ ಸೂಟ್‌ಕೇಸು ಎಳೆದುಕೊಂಡು ನಡೆದೆ. ಸೇತುವೆಯ ತುಂಬ ಜನ. ಮಕ್ಕಳು ಓಡುತ್ತಿದ್ದರು, ನಾಯಿಗಳು ನಿಂತು ರೈಲು ನೋಡುತ್ತಿದ್ದವು. ಇಷ್ಟು ಜನಕ್ಕೆ ಆ ಕಡೆ ಏನು ಕೆಲಸವಿತ್ತೋ. ನಿಮ್ಮಿಯನ್ನು ಯಾರೂ ಗುರುತಿಸಲಿಲ್ಲ. ಅವಳು ಎಡಕ್ಕೂ ಬಲಕ್ಕೂ ನೋಡುತ್ತ, ಸಂತೆಗೆ ಬಂದವಳ ಹಾಗೆ ಕೂತಿದ್ದಳು.

ನಡುವೆ ಒಮ್ಮೆ ನಿಲ್ಲಿಸೆಂದು ಕೈ ಮಾಡಿದಳು. ಗಡಿಯಾರ ನೋಡಿಕೊಂಡಳು.

"ಪೀಟರ್ನ ತಳ್ಕಂಡು ಆ ಕಡೆ ಮುಟ್ಟಕ್ಕೆ ಎಂಟೇ ನಿಮಿಷ ಆಗ್ತಿತ್ತು" ಎಂದಳು.

ನಾನು ಊರಿಗೆ ಬಂದ ಮೂರು ವಾರದ ಮೇಲೆ ಡೋರೀನ್ ಫೋನು ಮಾಡಿದಳು. ನಿದ್ದೆಯಲ್ಲಿ ಹೋದಳಂತೆ, ನೋವಿರಲಿಲ್ಲವಂತೆ. ಪೀಟರ್‌ನ ಪಕ್ಕ ಮಣ್ಣಿನಲ್ಲಿ ಮಲಗಿಸಿದರು, ನಮ್ಮವರು ಸಮಾಧಿಯಲ್ಲಿ ಕೂರಿಸುವ ಹಾಗೆ ಕೂರಿಸಲಿಲ್ಲ. ಚಳ್ಳಕೆರೆಯಲ್ಲಿ ನನ್ನ ಮನೆಗೆ ಮಾತಾಡಿಸಲು ಬಂದವರು, ಕರ್ಕೊಂಡು ಬರ್ತೀನಿ ಅಂತ ಹೋದೋರು ಒಬ್ರೇ ಬಂದ್ರಲ್ಲ, ಎಂದು ಕೇಳಿದರು. ಡಾಕ್ಟರು ಬಿಡಲಿಲ್ಲ ಎಂದು ಹೇಳಿ ಕಳಿಸಿದೆ. ಇಲ್ಲಿ ಬರೆದದ್ದೇ ನಿಜ.

ಆ ದಿನ ಬಸ್ಸಿನ ಬಳಿ ನಿಮ್ಮಿ ನನ್ನ ಸೆರಗು ಸರಿಮಾಡಿದಳು. ಡೋರೀನಳಿಗೆ ಕುರ್ಚಿ ತಿರುಗಿಸೆಂದಳು. ಬಸ್ಸು ಹೊರಡಲು ಇನ್ನೂ ಹೊತ್ತಿತ್ತು, ನಾನು ಇಳಿಜಾರಿನ ಕೆಳಗೇ ನಿಂತೆ. ಕುರ್ಚಿ ಮೆಲ್ಲಗೆ ಸೇತುವೆ ಏರಿತು. ಹಿಂದಿನಿಂದ ಬಂದ ಸೈಕಲ್ಲಿಗೆ ದಾರಿ ಬಿಟ್ಟಿತು. ಜನರ ನಡುವೆ ಅವಳ ತಲೆಗೆ ಕಟ್ಟಿದ ನೀಲಿ ಸ್ಕಾರ್ಫು ಕಾಣುತ್ತಿತ್ತು, ಮರೆಯಾಗುತ್ತಿತ್ತು, ಮತ್ತೆ ಕಾಣುತ್ತಿತ್ತು. ಒಮ್ಮೆ ಕೂಗಿದ್ದರೆ ಕೇಳಿಸುವಷ್ಟೇ ದೂರ. ಬಾಯಿಯವರೆಗೂ ಬಂದಿತ್ತು. ಆದರೆ ಹೊರಟವರನ್ನು ಹಿಂದಿನಿಂದ ಕರೆಯಬಾರದು ಎಂದು ನಮ್ಮವ್ವ ನಮ್ಮಿಬ್ಬರಿಗೂ ಹೇಳಿಕೊಟ್ಟಿದ್ದಳು. ಹೊರಟವಳು ನಾನು ಎಂದೇ ಅಲ್ಲಿಯತನಕ ತಿಳಿದಿದ್ದೆ.